ಹೂಂ ಅಂದ ಮಾತುಗಳು

ಮಾರ್ಚ್ 4, ಮಂಗಳವಾರ. ಬೆಳಿಗ್ಗೆ 7

ಅಂಗಡಿ ತೆರೆಯಲು ಇನ್ನೂ ಒಂದು ಗಂಟೆ. ಔಷಧಿ ಅಂಗಡಿಯವರ ಎರಡು ಅಂಗಿ ಇವತ್ತು ಕೊಡಬೇಕು. ಒಂದಕ್ಕೆ ಕಾಲರ್ ಬಾಕಿ. ಗುಂಡಿಯ ತೂತಿಗೆ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅತ್ತಿಗೆಯ ಪಾಲು. ಅದು ಎಂದೂ ತಡವಾಗುವುದಿಲ್ಲ.

ನಿನ್ನೆ ಹನ್ನೊಂದು ಕರೆ ಬಂದಿತ್ತು. ಒಂದನ್ನೂ ಎತ್ತಲಿಲ್ಲ. ಎತ್ತಿದರೆ ಆ ಕಡೆಯವರು ನೀರೊಳಗೆ ಕೂತು ಮಾತಾಡಿದ ಹಾಗೆ. ಸಿಗ್ನಲ್ ಇಲ್ಲ ಅನ್ನುತ್ತೇನೆ. ಎರಡು ವರ್ಷದಿಂದ ನಮ್ಮ ಬೀದಿಯಲ್ಲಿ ಸಿಗ್ನಲ್ ಇಲ್ಲ — ನನಗೊಬ್ಬಳಿಗೆ.

ಅಷ್ಟು ದೊಡ್ಡ ಫೋನು. ಬಳಸುವುದು ಟಾರ್ಚ್ ಮಾತ್ರ, ದಾರದ ಬಾಬಿನ್ ಮೇಜಿನ ಕೆಳಗೆ ಉರುಳಿದಾಗ. ಪರದೆ ಹೊಲಿಸಲು ಬಂದ ಗ್ರಂಥಾಲಯದ ಮೇಡಂ ಒಂದು ಚೀಟಿ ಕೊಟ್ಟು ಹೋಗಿದ್ದಾರೆ. ಶನಿವಾರ ಮಧ್ಯಾಹ್ನ, ಫೋನನ್ನು ದಿನದ ಕೆಲಸಕ್ಕೆ ಬಳಸುವುದು ಹೇಗೆ, ಎರಡು ಗಂಟೆಯ ಕ್ಲಾಸು. ಅತ್ತಿಗೆ ಚೀಟಿ ಓದಿ ಏನೋ ಅಂದಳು. ಹೂಂ ಅಂದೆ.

ಮಾರ್ಚ್ 8, ಶನಿವಾರ. ಸಂಜೆ

ಹೋದೆ. ಏಳು ಜನ, ಎಲ್ಲರೂ ಐವತ್ತು ದಾಟಿದವರು. ನಿವೃತ್ತ ಬಸ್ ಡ್ರೈವರ್ ಒಬ್ಬರು ಫೋನ್ ಆರಿಸುವುದು ಹೇಗೆ ಎಂದು ಕೇಳಲು ಬಂದಿದ್ದರು, ಅದನ್ನು ಕಲಿತು ಆರಿಸಿ ಜೇಬಿಗಿಟ್ಟು ಮನೆಗೆ ಹೋದರು.

ನಾನು ಮುಂದಿನ ಸಾಲಿನಲ್ಲಿ ಕೂತೆ. ತುಟಿ ಕಾಣಬೇಕಲ್ಲ.

ಕಲಿತದ್ದು — ಕ್ಯಾಮೆರಾವನ್ನೇ ಭೂತಗನ್ನಡಿ ಮಾಡಿಕೊಳ್ಳುವುದು. ಇನ್ನು ಸೂಜಿಗೆ ದಾರ ಪೋಣಿಸಲು ಕಿಟಕಿಗೆ ಓಡಬೇಕಿಲ್ಲ. ಅಳತೆ ಪುಸ್ತಕದ ಪುಟಗಳನ್ನು ಫೋಟೋ ತೆಗೆದಿಡುವುದು. ಟೈಮರ್. ಬಟ್ಟೆ ಕೊಡುವ ದಿನಗಳ ಪಟ್ಟಿ.

ಕೊನೆಗೆ ಮೇಡಂ ಇನ್ನೊಂದು ಆ್ಯಪ್ ತೋರಿಸಿದರು. ಎದುರಿಗಿದ್ದವರು ಮಾತಾಡಿದ ಹಾಗೆ ಮಾತು ಅಕ್ಷರವಾಗಿ ಫೋನಿನ ಮೇಲೆ ಬರುತ್ತದೆ. ಕನ್ನಡದಲ್ಲೇ. ಸಾಲು ಸಾಲಾಗಿ, ದಾರ ಬಿಚ್ಚಿಕೊಂಡ ಹಾಗೆ. ಬೇಕಾದವರು ಹಾಕಿಕೊಳ್ಳಿ ಅಂದರು. ನನ್ನ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ ಅನಿಸಿತು.

ಅಲ್ಲಿ ಹಾಕಿಕೊಳ್ಳಲಿಲ್ಲ. ಬರುವಾಗ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು ಹಾಕಿಕೊಂಡೆ. ಪಕ್ಕದಲ್ಲಿ ಇಬ್ಬರು ಹೆಂಗಸರು. "ಅವಳ ಮೂಗು ಅಪ್ಪನದೇ" ಎಂದು ಅಕ್ಷರ ಬಂತು. ಯಾರ ಮೂಗೋ ಏನೋ. ಕಣ್ಣಲ್ಲಿ ನೀರು ಬಂತು.

ಮಾರ್ಚ್ 10, ಸೋಮವಾರ

ಕೌಂಟರಿನ ಮೇಲೆ ಗುಂಡಿ ಡಬ್ಬಿಗೆ ಒರಗಿಸಿ ಫೋನ್ ಇಟ್ಟೆ. ಅಳತೆ ಪಟ್ಟಿ ನೋಡುತ್ತಿದ್ದೇನೆ ಎಂದೇ ಎಲ್ಲರೂ ತಿಳಿಯಲಿ.

ಔಷಧಿ ಅಂಗಡಿಯವರು ಅಂತೂ ಇವತ್ತು ಅಂಗಿ ಒಯ್ಯಲು ಬಂದವರು ಮುಂದಿನದಕ್ಕೆ ಏನೋ ಹೇಳಿದರು. ಫೋನ್ ಬರೆಯಿತು — "ತೋಳ ಸ್ವಲ್ಪ ಸಡಿಲ ಇರಲಿ." ತೋಳವನ್ನು ಸಡಿಲ ಬಿಟ್ಟರೆ ಬೀದಿಯವರ ಗತಿ? ಅವರ ಎದುರಿಗೇ ನಗು ಬಂತು, ಕೆಮ್ಮಿದೆ. ಆಮೇಲೆ ಬಂದವರು ಕಳೆದ ತಿಂಗಳು ಬಟ್ಟೆಯನ್ನು "ಒಲೆಗೆ" ಕೊಟ್ಟಿದ್ದರಂತೆ. ಹೊಲಿಗೆಗೆ ಎಂದು ನಾನೇ ತಿದ್ದಿಕೊಂಡೆ.

ಆದರೂ — ಇವತ್ತು ಒಂದು ಅಳತೆಯನ್ನೂ ಎರಡನೇ ಸಲ ಕೇಳಲಿಲ್ಲ. ಎರಡು ವರ್ಷದಲ್ಲಿ ಮೊದಲ ಸಲ.

ಮಾರ್ಚ್ 19, ಬುಧವಾರ. ಮಧ್ಯಾಹ್ನ

ಯಾಕೆ ಯಾರಿಗೂ ಹೇಳಿಲ್ಲ ಎಂದು ಬರೆದಿಡುತ್ತೇನೆ. ಓದುವವರು ಯಾರೂ ಇಲ್ಲ.

ಅಮ್ಮನಿಗೂ ಐವತ್ತಕ್ಕೆ ಕಿವಿ ಹೋಯಿತು. ಬೀದಿಯವರು ಹೆಸರು ಬಿಟ್ಟು ಕಿವುಡಿ ಎಂದೇ ಕರೆದರು. ಎದುರಿಗೇ. ಅವಳು ನಕ್ಕು ತಲೆ ಆಡಿಸುತ್ತಿದ್ದಳು, ಏನೋ ಒಳ್ಳೆಯದು ಹೇಳಿದರೆಂದು. ಅದನ್ನು ನೋಡಿ ಬೆಳೆದವಳು ನಾನು.

ಅತ್ತಿಗೆಗೆ ಅಷ್ಟಿಷ್ಟು ಅನುಮಾನ ಇರಬಹುದು. ಅಣ್ಣ ತೀರಿಕೊಂಡು ಮೂರು ವರ್ಷ. ಆಮೇಲೂ ಇಬ್ಬರೂ ಅದೇ ಮನೆ, ಅದೇ ಅಂಗಡಿ. ನಾನು ಕತ್ತರಿಸುತ್ತೇನೆ, ಹೊಲಿಯುತ್ತೇನೆ. ಅವಳು ಕಾಜಾ, ಗುಂಡಿ, ಇಸ್ತ್ರಿ. ಮೊದಲು ದಿನವಿಡೀ ಮಾತಾಡುತ್ತಿದ್ದಳು. ಈಗೀಗ ಇಲ್ಲ. ವಯಸ್ಸಾಯಿತು ಅಂದುಕೊಂಡಿದ್ದೇನೆ. ಒಂದು ವಾರದಿಂದ ಫೋನ್ ಅವಳ ಕಡೆಗೂ ತಿರುಗಿಸಿಟ್ಟಿದ್ದೇನೆ. ಖಾಲಿ ಪರದೆ. "ದಾರ ಕೊಡು." ಖಾಲಿ. "ಚಹಾ ಆರ್ತಿದೆ." ಖಾಲಿ.

ಏಪ್ರಿಲ್ 2, ಬುಧವಾರ. ಸಂಜೆ 5

ದಾರದ ಏಜೆಂಟ್ ಬಂದಿದ್ದರು. ಹದಿನೈದು ದಿನಕ್ಕೊಮ್ಮೆ ಬರುತ್ತಾರೆ. ಅತ್ತಿಗೆ ಅವರ ಜೊತೆ ಕೌಂಟರಿನಲ್ಲಿ ನಿಂತಿದ್ದಳು. ನಾನು ಒಳಗೆ ಮೆಷಿನ್ ಮುಂದೆ, ಬೆನ್ನು ಹಾಕಿ. ಫೋನ್ ಕೌಂಟರಿನ ಮೇಲೆ ಹಾಗೇ ಇತ್ತು. ಅವರು ಹೋದ ಮೇಲೆ ಎತ್ತಿಕೊಂಡೆ. ಸಾಲುಗಳು ಇನ್ನೂ ಇದ್ದವು.

ಅತ್ತಿಗೆ ಈ ತಿಂಗಳ ಕೊನೆಗೆ ಹೋಗುತ್ತಿದ್ದಾಳೆ. ತನ್ನ ತಂಗಿಯ ಊರಿಗೆ, ಬಸ್ಸಿನಲ್ಲಿ ಏಳು ಗಂಟೆ. ಶಾಶ್ವತವಾಗಿ. ತಂಗಿಗೆ ಮಂಡಿ ಆಪರೇಷನ್, ಒಂದು ಕೋಣೆ ಖಾಲಿ ಮಾಡಿಸಿಟ್ಟಿದ್ದಾಳೆ. ಮುಂದಿನ ಸಲದಿಂದ ದಾರದ ಬಣ್ಣ ನೀವೇ ಆರಿಸಿ ಕೊಡಿ ಎಂದು ಏಜೆಂಟರಿಗೆ ಹೇಳಿದ್ದಾಳೆ.

ಅವರು ಕೇಳಿರಬೇಕು, ನಾದಿನಿ ಏನಂದರು ಎಂದು. ಅದಕ್ಕೆ ಬಂದ ಸಾಲನ್ನು ಹಾಗೇ ಇಲ್ಲಿ ಬರೆಯುತ್ತೇನೆ.

"ಆರು ತಿಂಗಳ ಹಿಂದೇನೇ ಹೇಳ್ದೆ. ಹೂಂ ಅಂದ್ಲು. ತಲೆ ಎತ್ತಿ ಕೂಡ ನೋಡ್ಲಿಲ್ಲ."

ಯಾವ ದಿನ ಹೇಳಿದಳು? ನಾನು ಏನು ಹೊಲಿಯುತ್ತಿದ್ದೆ?

ಏಪ್ರಿಲ್ 3, ಗುರುವಾರ. ಮಧ್ಯಾಹ್ನ 3

ಹೇಳಿಬಿಟ್ಟೆ.

ಅವಳು ಕಾಲರಿಗೆ ಇಸ್ತ್ರಿ ಹಾಕುತ್ತಿದ್ದಳು. ಮೆಷಿನ್ ನಿಲ್ಲಿಸಿ, ಎದ್ದು, ಫೋನನ್ನು ಅವಳ ಮುಂದೆ ಇಟ್ಟೆ. ನೀನು ಮಾತಾಡಿದರೆ ಇದು ಬರೆಯುತ್ತದೆ, ಇದಿಲ್ಲದೆ ನನಗೆ ತಿಳಿಯುವುದಿಲ್ಲ ಅಂದೆ. ಎರಡು ವರ್ಷವಾಯಿತು ಅಂದೆ.

ಇಸ್ತ್ರಿಪೆಟ್ಟಿಗೆ ನಿಲ್ಲಿಸಿಟ್ಟಳು. ಸ್ಟೂಲ್ ಎಳೆದುಕೊಂಡು ಕೂತಳು. ಸ್ವಲ್ಪ ಮಂದ ಅಂತ ಗೊತ್ತಿತ್ತು, ಇಷ್ಟು ಅಂತ ಗೊತ್ತಿರಲಿಲ್ಲ ಅಂದಳು — ಅಂದರೆ ಫೋನ್ ಹಾಗೆ ಬರೆಯಿತು. ಆಮೇಲೆ:

"ಹಾಗಾದ್ರೆ ನಾನು ಹೋಗ್ತೀನಿ ಅಂದಿದ್ದು?"

"ಕೇಳಿಸ್ಲೇ ಇಲ್ಲ. ಗುಂಡಿ ಬಗ್ಗೆ ಏನೋ ಅಂದೆ ಅಂದ್ಕೊಂಡೆ."

"ನೀನು ನನ್ನ ಹತ್ರ ಮಾತು ಬಿಟ್ಟಿದೀಯ ಅಂದ್ಕೊಂಡೆ, ಪುಟ್ಟಿ. ನಿಮ್ಮಣ್ಣ ಹೋದ್ಮೇಲೆ ನಾನ್ಯಾರು ನಿನಗೆ ಅಂತ."

ಐವತ್ಮೂರು ವರ್ಷದವಳನ್ನು ಪುಟ್ಟಿ ಎಂದು ಕರೆಯುವುದು ಈಗ ಅವಳೊಬ್ಬಳೇ.

ಆಮೇಲೆ ಸಿಟ್ಟು ಬಂತು ಅವಳಿಗೆ. ಬರಬೇಕಾದ್ದೇ. ಎರಡು ವರ್ಷ ಗೋಡೆ ಹತ್ತಿರ ಮಾತಾಡಿದೆನಾ ಎಂದು ಕೇಳಿದಳು. ಎದ್ದು ಅರ್ಧ ಅಂಗಡಿ ಗುಡಿಸಿದಳು. ತಿರುಗಿ ಬಂದು ಫೋನಿನ ಮುಂದೆ ಬಗ್ಗಿ, ಅಂಚೆಯ ಕೌಂಟರಿನಲ್ಲಿ ಮಾತಾಡುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು.

"ಈಗ ಮತ್ತೆ ಕೇಳ್ತೀನಿ. ನಾನು ತಂಗಿ ಮನೇಗೆ ಹೋಗಿಬಿಡ್ಲಾ?"

ಓದಿದೆ.

"ಬೇಡ," ಅಂದೆ.

ಇಷ್ಟು ಹೇಳಲು ಆರು ತಿಂಗಳು ಬೇಕಾಯಿತಾ ಅಂದಳು. ಆದರೆ ಉಳಿಯುತ್ತೇನೆ ಎನ್ನಲಿಲ್ಲ. ತಂಗಿಗೆ ಮಾತು ಕೊಟ್ಟಾಗಿದೆ, ಆಪರೇಷನ್ ದಿನ ಗೊತ್ತಾಗಿದೆ. ಹೋಗಲೇಬೇಕು. ಆಮೇಲೆ ನೋಡೋಣ ಅಂದಳು. ಆ "ನೋಡೋಣ" ಎಷ್ಟು ಉದ್ದ ಎಂದು ಕೇಳಲು ಧೈರ್ಯವಾಗಲಿಲ್ಲ.

ಏಪ್ರಿಲ್ 6, ಭಾನುವಾರ

ಅಂಗಡಿ ರಜೆ. ಅಡುಗೆಮನೆಯ ಮೇಜಿಗೆ ಫೋನ್. ನಾನು ಏನೇನಕ್ಕೆ ಹೂಂ ಅಂದಿದ್ದೆ ಎಂದು ಅತ್ತಿಗೆ ಒಂದೊಂದಾಗಿ ಹೊರಗೆ ತೆಗೆದಳು. ಪಕ್ಕದ ಬೀಗದ ರಿಪೇರಿಯವನಿಗೆ ನಮ್ಮ ಅಂಗಡಿಯ ಹಿಂಭಾಗ ಬಾಡಿಗೆಗೆ ಕೊಡಲು ನಾನು ಎರಡು ಸಲ ಒಪ್ಪಿದ್ದೇನಂತೆ! ಅವನು ಅಳತೆ ತೆಗೆದುಕೊಂಡು ಹೋಗಿದ್ದು ಅದಕ್ಕೇ. ಹಿಂಬಾಗಿಲಿಗೆ ಬೀಗ ಹಾಕಿಕೊಡಲು ಎಂದುಕೊಂಡು ಚಹಾ ಬೇರೆ ಕೊಟ್ಟಿದ್ದೆ. ಅತ್ತಿಗೆ ನಕ್ಕು ನಕ್ಕು ಸೆರಗಿಂದ ಕಣ್ಣು ಒರೆಸಿಕೊಂಡಳು.

ಇನ್ನೊಂದು ಹೇಳುವಾಗ ನಗಲಿಲ್ಲ. ಕಳೆದ ವರ್ಷ ಅವಳ ಎದೆಯಲ್ಲಿ ಗಂಟು ಕಂಡು ಪರೀಕ್ಷೆ ಮಾಡಿಸಿದ್ದರು. ಏನೂ ಇಲ್ಲ ಎಂದು ಬಂತು. ಆದರೆ ಪರೀಕ್ಷೆಗೆ ಹೋಗುವ ಹಿಂದಿನ ದಿನ ನನಗೆ ಹೇಳಿದ್ದಳಂತೆ, ಭಯ ಆಗ್ತಿದೆ, ಜೊತೆಗೆ ಬಾ ಎಂದು.

ಹೂಂ ಅಂದಿದ್ದೆ. ಬೆಳಿಗ್ಗೆ ಅವಳು ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಕಾದಳು. ನಾನು ಮೆಷಿನ್ ಮುಂದೆ ಕೂತೆ. ಒಬ್ಬಳೇ ಹೋದಳು.

ಇದಕ್ಕೆ ಕ್ಷಮಿಸು ಅನ್ನುವ ಮಾತು ಸಾಲುವುದಿಲ್ಲ. ಆದರೂ ಅಂದೆ. ಅವಳು ನನ್ನ ತಟ್ಟೆ ತನ್ನ ಕಡೆ ಎಳೆದುಕೊಂಡು ತೊಳೆಯಲು ಎದ್ದಳು.

ಏಪ್ರಿಲ್ 15, ಮಂಗಳವಾರ. ಸಂಜೆ

ಕಿವಿ ಪರೀಕ್ಷೆ ಮುಗಿಯಿತು. ಅತ್ತಿಗೆಯೇ ಕೈ ಹಿಡಿದು ಕರೆದುಕೊಂಡು ಹೋದಳು. ಗಾಜಿನ ಗೂಡಿನಲ್ಲಿ ಕೂರಿಸಿ, ಸದ್ದು ಕೇಳಿದಾಗೆಲ್ಲ ಗುಂಡಿ ಒತ್ತಿ ಅಂದರು. ಬಹಳ ಹೊತ್ತು ಒತ್ತಲಿಲ್ಲ. ಗಾಜಿನಾಚೆ ಅತ್ತಿಗೆಯ ಮುಖ ನೋಡಿದೆ, ಅವಳಿಗೆ ಆ ಸದ್ದು ಅಲ್ಲಿಂದಲೇ ಕೇಳಿಸುತ್ತಿತ್ತು ಅನಿಸುತ್ತದೆ.

ಎರಡೂ ಕಿವಿಗೆ ಯಂತ್ರ ಬೇಕು. ಮೇ ಮಧ್ಯಕ್ಕೆ ಬರುತ್ತದೆ. ಅಲ್ಲಿಯವರೆಗೆ ಫೋನೇ ಗತಿ.

ಬರುತ್ತಾ ಗ್ರಂಥಾಲಯಕ್ಕೆ ಹೋದೆವು. ಅತ್ತಿಗೆಗೂ ವಿಡಿಯೋ ಕರೆ ಕಲಿಯಬೇಕಿತ್ತು, ತಂಗಿಯ ಊರಿಂದ ನನ್ನ ಜೊತೆ ಮಾತಾಡಲು. ಮಾತಿನ ಕೆಳಗೆ ಅಕ್ಷರ ಬರುವ ಹಾಗೆ ಮೇಡಂ ಹಾಕಿಕೊಟ್ಟರು. ಮನೆಗೆ ಬಂದ ಮೇಲೆ ಅವಳು ಆ ಕೋಣೆಯಲ್ಲಿ, ನಾನು ಈ ಕೋಣೆಯಲ್ಲಿ ಕೂತು ಅಭ್ಯಾಸ. ನಿನ್ನ ನೆತ್ತಿ ಮಾತ್ರ ಕಾಣ್ತಿದೆ, ಫೋನ್ ಕೆಳಗಿಳಿಸು ಎಂದು ಹತ್ತು ಸಲ ಹೇಳಿದಳು. ಹತ್ತೂ ಸಲ ಓದಿದೆ.

ಏಪ್ರಿಲ್ 27, ಭಾನುವಾರ. ಮಧ್ಯಾಹ್ನ 1

ಹತ್ತು ನಲವತ್ತರ ಬಸ್ಸಿಗೆ ಹೋದಳು.

ಎರಡು ದಿನದಿಂದ ಅವಳು ಪೆಟ್ಟಿಗೆ ಕಟ್ಟುವುದನ್ನು ನೋಡುತ್ತಾ ಎಷ್ಟು ಸೀರೆ ಇಟ್ಟಳು ಎಂದು ಎಣಿಸುತ್ತಿದ್ದೆ. ಸ್ವೆಟರ್ ಇಟ್ಟಳು. ಚಳಿಗೆ ಇನ್ನೂ ಆರು ತಿಂಗಳಿದೆ. ಸೋಮವಾರ ಕೊಡಬೇಕಾದ ಹೆಡ್‌ಮಾಸ್ಟರ ಕೋಟು ಮಾತ್ರ ಅಂಗಡಿಯಲ್ಲಿ ಕಾಜಾ ಇಲ್ಲದೆ ಉಳಿಯಿತು.

ನಿಲ್ದಾಣದಲ್ಲಿ ಇಪ್ಪತ್ತು ಬಸ್ಸುಗಳು ಗುರುಗುಡುತ್ತಿದ್ದವು. ಅವಳು ಕಿಟಕಿ ಪಕ್ಕ ಕೂತು, ಗಾಜು ಸರಿಸಿ ಏನೋ ಹೇಳಿದಳು. ಫೋನ್ ಎತ್ತಿ ಹಿಡಿದೆ. ಆರನೇ ಪ್ಲಾಟ್‌ಫಾರ್ಮ್, ಚಿಲ್ಲರೆ ಕೊಡಿ, ಯಾರದೋ ಮಗುವಿನ ಅಳುವಿಗೆ ಆ ಆ ಆ… ಅತ್ತಿಗೆಯ ಮಾತು ಒಂದೂ ಇಲ್ಲ. ತುಟಿ ನೋಡಿದೆ. ಅದೂ ಸಿಗಲಿಲ್ಲ. ಬಸ್ಸು ಹೊರಟಿತು.

ಹೂಂ ಎಂದು ಕತ್ತು ತಾನಾಗಿಯೇ ಆಡಲು ಹೊರಟಿತು. ತಡೆದೆ.

"ಕೇಳಿಸ್ಲಿಲ್ಲ," ಅಂದೆ. ಎಷ್ಟು ಜೋರಾಗಿ ಅಂದೆನೋ, ಅಲ್ಲಿದ್ದವರೆಲ್ಲ ತಿರುಗಿದರು. "ನನಗೆ ಕಿವಿ ಕೇಳಲ್ಲ. ಇನ್ನೊಂದ್ಸಲ ಹೇಳು."

ಕಂಡಕ್ಟರ್ ಬಸ್ಸಿನ ಬದಿಗೆ ತಟ್ಟಿ ನಿಲ್ಲಿಸಿದರು. ಫೋನನ್ನು ಕಿಟಕಿಯೊಳಗೆ ಕೊಟ್ಟೆ. ಅತ್ತಿಗೆ ಅದನ್ನು ತುಟಿಗೆ ಹತ್ತಿರ ಹಿಡಿದು ಹೇಳಿ, ವಾಪಸು ಕೊಟ್ಟಳು.

"ಹೆಡ್‌ಮಾಸ್ಟರ ಕೋಟಿಗೆ ನೀನು ಕಾಜಾ ಹಾಕ್ಬೇಡ, ಹಾಳು ಮಾಡ್ತೀಯ. ಜೂನ್ ಹತ್ತಕ್ಕೆ ನಾನು ಬಂದು ಹಾಕ್ತೀನಿ."

ಓದಿ ತಲೆ ಎತ್ತುವಷ್ಟರಲ್ಲಿ ಬಸ್ಸು ಗೇಟಿನ ಹತ್ತಿರ ಇತ್ತು.

ಕೋಟು ಈಗ ನನ್ನ ಎದುರಿಗೆ ಹ್ಯಾಂಗರಿನಲ್ಲಿದೆ. ನಾಳೆ ಬೆಳಿಗ್ಗೆ ಅವರು ಒಯ್ಯಲು ಬರುತ್ತಾರೆ. ಏನು ಹೇಳಲಿ? ಗುಂಡಿಯಿಲ್ಲದೆ ಒಂದೂವರೆ ತಿಂಗಳು… ಇರಲಿ. ಸರಿಯಾಗಿ ಬಾಯಿಬಿಟ್ಟು ಹೇಳುತ್ತೇನೆ, ಸರ್, ನಮ್ಮ ಅತ್ತಿಗೆ ಊರಿಗೆ ಹೋಗಿದ್ದಾರೆ, ಅವರು ಬಂದ ಮೇಲೆ ಕಾಜಾ ಹಾಕಿಸಿ ಕೊಡುತ್ತೇನೆ ಎಂದು.