ಕಂಪನಿಯಲ್ಲಿ ಇಲ್ಲದ ಕಾಯ್ದೆ

ಜತ್ತ,
೧೭ ಜೂನ್ ೨೦೨೫

ನನ್ನ ಮುದ್ದು ನಂದಾ,

ಮೂರು ಹೊತ್ತು ಫೋನಿನಲ್ಲಿ ಮಾತಾಡುವ ಅವ್ವ ಈಗ ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಇಬ್ಬರೂ ಆರಾಮವಾಗಿದ್ದೇವೆ. ನಿಮ್ಮಪ್ಪ ರಿಟೈರ್ ಆದ ಮೇಲೆ ದಿನವಿಡೀ ಪಡಸಾಲೆಯಲ್ಲೇ ಇರುತ್ತಾರೆ. ನಾನು ಒಲೆಯ ಮುಂದೆ ನಿಂತು ನಿನ್ನೊಡನೆ ಪಿಸುಗುಟ್ಟಿದರೂ ಅಲ್ಲಿಂದ ‘ಏನಂತಾಳ?’ ಎಂದು ಕೇಳುತ್ತಾರೆ. ಪಂಪ್ ಕಂಪನಿಯ ರಿಪೇರಿ ಕೆಲಸಕ್ಕೆ ಊರೂರು ತಿರುಗಿ, ಬೋರಿನ ಬಾಯಿಗೆ ಕಿವಿ ಕೊಟ್ಟು ಆಳದಲ್ಲಿರುವ ಮೋಟಾರಿನ ಬೇನೆ ಹೇಳುತ್ತಿದ್ದ ಮನುಷ್ಯನಿಗೆ ಅಡುಗೆಮನೆಯ ಮಾತು ಕೇಳಿಸದೇ ಇರುತ್ತದೆಯೇ? ಅದಕ್ಕೇ ಈ ಕಾಗದ. ಅಳಿಯಂದಿರು ಮರಾಠಿಯವರು, ಕನ್ನಡ ಓದಲು ಬಾರದು, ಅದೂ ಒಂದು ಅನುಕೂಲವೇ. ಓದಿ ಹರಿದುಬಿಡು.

ಅವರು ಮನೆಯಲ್ಲಿ ಕುಳಿತು ಮಾಡಿದ ಘನಕಾರ್ಯ ಮೊದಲು ಕೇಳು. ಫ್ಯಾನ್ ಬಿಚ್ಚಿದರು, ಜೋಡಿಸಿದರು. ಮಿಕ್ಸರ್ ಬಿಚ್ಚಿದರು, ಜೋಡಿಸಿದರು. ಮಿಕ್ಸರ್ ಚೆನ್ನಾಗಿಯೇ ಇತ್ತು, ಈಗ ಸ್ವಲ್ಪ ಗೊಣಗುತ್ತದೆ. ನಾನೂ ಗೊಣಗುತ್ತೇನೆ. ಆದರೆ ಅವರು ಹೀಗೆ ಕಂಡದ್ದಕ್ಕೆಲ್ಲ ಕೈ ಹಾಕುವುದು ಕೆಲಸವಿಲ್ಲದ್ದಕ್ಕಲ್ಲ, ಮನಸ್ಸು ನೆಟ್ಟಗಿಲ್ಲದ್ದಕ್ಕೆ ಎಂಬುದು ನನಗೆ ಗೊತ್ತಿತ್ತು.

ಬೀಳ್ಕೊಡುಗೆಯ ದಿನ ನಿನಗೆ ಆಸ್ಪತ್ರೆಯಲ್ಲಿ ರಜೆ ಸಿಗಲಿಲ್ಲ. ಫೋಟೋದಲ್ಲಿ ಎಲ್ಲರೂ ನಗುತ್ತಿರುವುದನ್ನು ನೋಡಿ ನೀನು ‘ಭಾಳ ಚಲೋ ಆತಲ್ಲವ್ವಾ’ ಅಂದೆ. ನಾನು ಹೂಂ ಅಂದೆ. ನಿಜವೆಂದರೆ ಅಂದು ನಿಮ್ಮಪ್ಪ ಮನೆಗೆ ಬಂದವರೇ ಶಾಲು ತೆಗೆದು ಗೂಟಕ್ಕೆ ಹಾಕಿ, ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು.

ನಡೆದದ್ದು ಹೀಗೆ. ಪಂಪ್ ಡೀಲರ್ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಪೆಂಡಾಲ್ ಹಾಕಿದ್ದರು. ಬಿಳೂರ, ಶೇಗಾಂವ, ಬಾಲಗಾಂವ, ಎಲ್ಲ ಕಡೆಯಿಂದ ರೈತರು ಬಂದಿದ್ದರು. ಸಾಂಗಲಿಯ ಆಫೀಸಿನಿಂದ ಬಂದ ಮ್ಯಾನೇಜರ್ ಸಾಹೇಬರು ಮರಾಠಿಯಲ್ಲಿ ಭಾಷಣ ಮಾಡಿದರು. ಮುರಗೆಪ್ಪ ಅಂತ ಬಿಳೂರಿನ ದ್ರಾಕ್ಷಿ ತೋಟದವನೊಬ್ಬ ಎದ್ದು, ನಿಮ್ಮ ಕಂಪನಿಯ ಕಾಯ್ದೆ ಭಾಳ ಬಿಗಿ, ನಮ್ಮ ಗುರುಲಿಂಗಪ್ಪಣ್ಣ ಇಷ್ಟು ವರ್ಷದಲ್ಲಿ ಗಿರಾಕಿಯ ಮನೆಯಲ್ಲಿ ಒಂದು ಕಪ್ ಚಹಾ ಮುಟ್ಟಲಿಲ್ಲ ಎಂದು ನಿಮ್ಮಪ್ಪನನ್ನು ಹೊಗಳಿದ. ಸಾಹೇಬರು ಹುಬ್ಬೇರಿಸಿದರು. ಇಂಥ ಕಾಯ್ದೆ ನಮ್ಮಲ್ಲಿ ಎಂದೂ ಇರಲಿಲ್ಲ, ಈ ಹೊಟ್ಟೆ ನೋಡಿ, ಊರೂರು ಉಂಡು ಬೆಳೆಸಿದ್ದು ಎಂದು ತಟ್ಟಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಒಬ್ಬ ಮಾತ್ರ ನಗಲಿಲ್ಲ. ಬಾಲಗಾಂವದ ವಿಠೋಬ. ಕುರಿ ಕಾಯುವವರ ಮನೆತನ, ಊರ ಹೊರಗೆ ಹೊಲದಲ್ಲೇ ಮನೆ. ಅವನು ನಿಮ್ಮಪ್ಪನ ಮುಖವನ್ನೊಮ್ಮೆ ನೋಡಿ ತಲೆಯ ಪಟಕಾ ಸರಿಮಾಡಿಕೊಂಡು ಎದ್ದ. ಎಲೆ ಹಾಕುತ್ತಾರೆ, ಕೂಡ್ರು ಎಂದು ಮುರಗೆಪ್ಪ ಕೈ ಹಿಡಿದರೆ, ‘ಅವ್ರು ನಮ್ಮ ಮನಿ ರೊಟ್ಟಿ ಮುಟ್ಟಂಗಿಲ್ಲ, ನಾ ಯಾಕ ಅವ್ರ ಊಟ ಉಣ್ಲಿ?’ ಅಂದ. ಮೆಲ್ಲಗೇ ಅಂದ, ಆದರೆ ನಮಗೆ ಕೇಳಿಸುವ ಹಾಗೆ ಅಂದ.

ಮರುದಿನ ನಾನು ಬಿಡಲಿಲ್ಲ. ಮದುವೆಯಾದ ವರ್ಷದಿಂದ ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ತಟ್ಟಿ ಬುತ್ತಿ ಕಟ್ಟಿದವಳು ನಾನು. ಮೈಯಲ್ಲಿ ಜ್ವರವಿದ್ದಾಗಲೂ ಕಟ್ಟಿದ್ದೇನೆ. ಒಂದು ದಿನ ಹೊರಗೆ ಉಣ್ಣಿ ಎಂದರೆ ‘ಕಂಪನಿ ಕಾಯ್ದೆ’ ಎನ್ನುತ್ತಿದ್ದರು. ಕಂಪನಿಯವರ ಮನೆ ಹಾಳಾಗಲಿ ಎಂದು ನಾನು ಶಪಿಸಿದ್ದಕ್ಕೆ ಲೆಕ್ಕವಿಲ್ಲ. ಪಾಪ, ಅವರದೇನೂ ತಪ್ಪಿರಲಿಲ್ಲ! ಖರೇ ಏನು ಹೇಳಿ ಎಂದು ಎದುರಿಗೆ ಕುಳಿತೆ. ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಆಣೆ ಹಾಕಿಸಿಕೊಂಡು ಹೇಳಿದರು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ವಿಠೋಬನ ಬೋರಿಗೆ ಹೋಗಿದ್ದರಂತೆ. ವಿಠೋಬನ ಹೆಂಡತಿ ಸಂಗವ್ವ ಆಗ ಹೊಸ ಸೊಸೆ. ಉಂಡೇ ಹೋಗಬೇಕು ಎಂದು ಹಟ ಹಿಡಿದಳಂತೆ. ಬಿಸಿ ರೊಟ್ಟಿ, ಮಡಕೆಕಾಳಿನ ಪಲ್ಯ, ಗಟ್ಟಿ ಮೊಸರು. ನಿಮ್ಮದು ಊಟ ಎಂದು ಕೇಳಿದರೆ ಗಂಡಹೆಂಡತಿ ಇಬ್ಬರೂ ‘ನಮ್ದು ಆಗೈತ್ರಿ’ ಅಂದರಂತೆ. ಉಂಡು ಹೊಲಕ್ಕೆ ಹೋದವರು ಮರೆತುಹೋದ ನಟ್ಟು ಬಿಚ್ಚುವ ಪಾನಾ ತೆಗೆದುಕೊಳ್ಳಲು ತಿರುಗಿ ಬಂದಾಗ ಬಾಗಿಲಿನಿಂದ ಕಂಡಿತು: ಸಂಗವ್ವ ರೊಟ್ಟಿಯ ಬುಟ್ಟಿಯನ್ನು ಬೋರಲು ಹಾಕಿ ಜಾಡಿಸುತ್ತಿದ್ದಳು. ಬುಟ್ಟಿಯಲ್ಲಿ ಒಂದು ಚೂರೂ ಇರಲಿಲ್ಲ. ತಂಬಿಗೆ ನೀರನ್ನು ಗಟಗಟ ಕುಡಿದು, ಹೊಟ್ಟೆಯ ಮೇಲೆ ಕೈಯಿಟ್ಟು ಗೋಡೆಗೆ ಒರಗಿ ಕೂತಳು. ಮನೆಯಲ್ಲಿದ್ದ ಹಿಟ್ಟನ್ನೆಲ್ಲ ನನಗೆ ತಟ್ಟಿ ಹಾಕಿ ಇವರು ಉಪವಾಸ ಕೂತರಲ್ಲ ಎಂದು ನಿಮ್ಮಪ್ಪ ತಿಳಿದುಕೊಂಡರು. ಪಾನಾ ಅಲ್ಲೇ ಬಿಟ್ಟು ಸಪ್ಪಳ ಮಾಡದೆ ಹೊರಗೆ ಬಂದರು.

ಆಮೇಲೆ ಆ ಮನೆಯಲ್ಲಿ ಉಣ್ಣುವುದು ಹೇಗೆ? ಉಣ್ಣದಿರುವುದಕ್ಕೆ ಕಾರಣವನ್ನಾದರೂ ಏನೆಂದು ಹೇಳುವುದು? ಅವರ ಮನೆಯಲ್ಲಿ ಬೇಡವೆಂದು ಪಕ್ಕದ ಮನೆಯಲ್ಲಿ ಉಂಡರೆ ಊರಿಗೆಲ್ಲ ಗೊತ್ತಾಗುತ್ತದೆ. ಅದಕ್ಕೆ ಎಲ್ಲ ಊರಿಗೂ, ಎಲ್ಲ ಮನೆಗೂ ಸೇರಿ ಒಂದೇ ಕಾಯ್ದೆ ಮಾಡಿದರು, ಕಂಪನಿಯ ಹೆಸರಿನಲ್ಲಿ. ಹೆಂಡತಿಗೂ ಅದನ್ನೇ ಹೇಳಿದರು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಿಮ್ಮಪ್ಪನಿಗೆ ಎರಡೂ ಬರಲಿಲ್ಲ ನೋಡು.

ಆದರೆ ವಿಠೋಬನ ಮನೆಯವರು ತಿಳಿದುಕೊಂಡದ್ದೇ ಬೇರೆ. ಮೊದಲ ಸಲ ಉಂಡವರು ಎರಡನೆಯ ಸಲದಿಂದ ಬೇಡ ಅಂದರು. ಅಂದರೆ ನಡುವೆ ಯಾರೋ, ನೀವು ಲಿಂಗವಂತರು, ಕುರಿ ಕಾಯುವವರ ಮನೆಯಲ್ಲಿ ಉಂಡಿರೇನು ಎಂದು ಚುಚ್ಚಿರಬೇಕು. ಕಂಪನಿ ಕಾಯ್ದೆ ಎಂಬ ಒಂದು ಮಾತು ಇಷ್ಟು ವರ್ಷ ಆ ಸಂಶಯವನ್ನು ಮುಚ್ಚಿಕೊಂಡಿತ್ತು. ಸಾಹೇಬರು ಅದನ್ನೂ ಕಿತ್ತುಹಾಕಿದರು. ಈಗ ಖರೇ ಹೇಳಿದರೆ ‘ನಿಮ್ಮ ಮನೆಯ ಬುಟ್ಟಿ ಖಾಲಿ ಇದ್ದದ್ದನ್ನು ಕದ್ದು ನೋಡಿದೆ’ ಎಂದ ಹಾಗಾಗುತ್ತದೆ. ಹೇಳದಿದ್ದರೆ ಜಾತಿ ನೋಡಿದವರು ಎಂಬ ಮಾತು ಸಾಯುವ ತನಕ ಉಳಿಯುತ್ತದೆ. ಇದನ್ನು ಹೇಳುವಾಗ ನಿಮ್ಮಪ್ಪನ ಕಣ್ಣಲ್ಲಿ ನೀರು ಬಂತು ನಂದಾ. ಅತ್ತೆಯವರು ತೀರಿಕೊಂಡಾಗ ಬಿಟ್ಟರೆ ನಾನು ಅದನ್ನು ಕಂಡಿರಲಿಲ್ಲ.

ಎರಡು ವಾರ ನೋಡಿದೆ. ಮೊನ್ನೆ ರವಿವಾರ ಬುತ್ತಿಯ ಡಬ್ಬಿಯನ್ನು ಅಟ್ಟದ ಮೇಲೆ ಎಸೆದು, ಗಾಡಿ ತೆಗೆಯಿರಿ, ಬಾಲಗಾಂವಕ್ಕೆ ಉಣ್ಣಲು ಹೋಗೋಣ ಅಂದೆ. ಕರೆಯದೆ ಹೋಗುವುದು ಹೇಗೆ ಎಂದರು. ಹಸಿದವರು ಹೋಗುವ ಹಾಗೆ ಅಂದೆ.

ಊಟದ ಹೊತ್ತಿಗೇ ಮುಟ್ಟಿದೆವು. ವಿಠೋಬ ‘ಬರ್ರಿ, ಕುಂದ್ರಿ’ ಎಂದು ಹೊರಸು ಹಾಕಿದ, ನೀರು ಕೊಟ್ಟ, ತಾನು ದೂರ ಹೋಗಿ ಕಂಬಕ್ಕೆ ಒರಗಿ ನಿಂತ. ಸಂಗವ್ವ ಬಾಗಿಲಲ್ಲಿ ನಿಂತೇ ಕೇಳಿದಳು: ‘ಮೋಟಾರ ನೆಟ್ಟಗೈತ್ರಿ. ನೀವ್ಯಾಕ ಬಂದ್ರಿ?’

ನಿಮ್ಮಪ್ಪ ಅಂದರು: ‘ಹಸಿವ್ಯಾಗೈತಿ ತಂಗಿ. ಉಣ್ಣಾಕ ಬಂದೀನಿ.’

‘ನಮ್ಮ ಕೈಲೆ ಉಣತೀರೇನ್ರಿ?’

ಅವರು ತಲೆ ತಗ್ಗಿಸಿ ಕೂತರು. ನನಗೆ ನೋಡಲಾಗಲಿಲ್ಲ. ಎದ್ದು ಸಂಗವ್ವನ ಕೈ ಹಿಡಿದುಕೊಂಡು ಒಳಗೆ ಹೋದೆ. ಆಣೆಗೀಣೆ ಎಲ್ಲ ಒಲೆಗೆ ಹಾಕಿ, ಪಾನಾ, ಬುಟ್ಟಿ, ತಂಬಿಗೆ, ಎಲ್ಲವನ್ನೂ ಹೇಳಿಬಿಟ್ಟೆ. ಅದಕ್ಕೆ ಅವಳು ಏನಂದಳೆಂಬುದು ಹೆಂಗಸರಿಬ್ಬರ ಮಾತು, ಇಲ್ಲಿ ಬೇಡ. ಇಬ್ಬರೂ ಸೆರಗಿನಿಂದ ಕಣ್ಣೊರೆಸಿಕೊಂಡೆವು ಎಂದರೆ ಸಾಕು. ಆಮೇಲೆ ಅವಳು ವಿಠೋಬನನ್ನು ಹಿತ್ತಿಲಿಗೆ ಕರೆದು ಏನೋ ಹೇಳಿದಳು. ಅವನು ಬಂದು ನಿಮ್ಮಪ್ಪನ ಪಕ್ಕದಲ್ಲಿ, ಅದೇ ಹೊರಸಿನ ಮೇಲೆ, ಮೈಗೆ ಮೈ ತಾಗುವ ಹಾಗೆ ಕುಳಿತ. ‘ನಾವ ತಪ್ಪ ತಿಳಕೊಂಡಿದ್ವಿ ಅಣ್ಣಾರ’ ಅಂದ.

ತಾಟು ಬಂದ ಮೇಲೆ ನಿಮ್ಮಪ್ಪನ ಹಟ ನೋಡಬೇಕಿತ್ತು. ‘ಬುಟ್ಟಿ ಇಲ್ಲೇ ತಂದಿಡ್ರಿ. ತಂಗಿ, ನೀ ಮೊದ್ಲ ಮುರಿ. ಆಮ್ಯಾಲೆ ನಾ ಮುರೀತೀನಿ.’ ಸಂಗವ್ವ ತುಂಬಿದ ಬುಟ್ಟಿ ತಂದು ನಡುವೆ ಇಟ್ಟಳು, ಎದುರಿಗೆ ಕುಳಿತಳು, ರೊಟ್ಟಿ ಮುರಿದು ಬಾಯಿಗಿಟ್ಟಳು. ಅವಳು ಅಗಿದು ನುಂಗುವ ತನಕ ನಿಮ್ಮಪ್ಪ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಉಂಡರು ನೋಡು. ನನ್ನ ಕೈಯಡುಗೆಯನ್ನು ಒಂದು ದಿನವೂ ಹಾಗೆ ಉಂಡವರಲ್ಲ, ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಸುದ್ದಿ ಕೇಳಿ ಈಗ ಬಿಳೂರದವರು, ಶೇಗಾಂವದವರು ಎಲ್ಲರೂ ಫೋನು ಮಾಡಿ ಊಟಕ್ಕೆ ಕರೆಯುತ್ತಿದ್ದಾರೆ. ನಿಮ್ಮಪ್ಪ ನಾಳೆಯಿಂದ ದಿನಾ ಬೆಳಿಗ್ಗೆ ಮೊದಲಿನ ಹಾಗೆ ಗಾಡಿ ತೆಗೆಯುತ್ತಾರಂತೆ. ಮನೆಯ ಫ್ಯಾನು, ಮಿಕ್ಸರು ನೆಮ್ಮದಿಯಾಗಿವೆ. ನಾನೂ ಬೆಳಗಾದ ಮೇಲೆ ಏಳುತ್ತೇನೆ. ಕೂಸನ್ನು ಕರೆದುಕೊಂಡು ಬೇಗ ಬಾ.

ಇಂತಿ, ಇನ್ನು ಬುತ್ತಿ ಕಟ್ಟದಿರುವ ನಿನ್ನ ಅವ್ವ,
ವಿದ್ಯಾವತಿ

ತಾ.ಕ.: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿದೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗುತ್ತಿಲ್ಲ. ಒಳಗೆ ನಾನು ಎಲ್ಲ ಹೇಳಿದ ಮೇಲೆ ಸಂಗವ್ವ ಕೊರಳಿನ ತುಳಸಿ ಮಾಲೆ ಹಿಡಿದುಕೊಂಡು ನಕ್ಕಳು, ನಕ್ಕು ನಕ್ಕು ಅತ್ತಳು. ‘ಅವತ್ತ ಏಕಾದಶಿ ಇತ್ರೀ ಅಕ್ಕಾರ! ಮನಿಮಂದೀಗೆಲ್ಲ ಉಪಾಸ. ಅಣ್ಣಾರಿಗಷ್ಟ ರೊಟ್ಟಿ ಬಡದಿದ್ದೆ. ಉಪಾಸ ಅಂತ ಹೇಳಿದ್ರ ಬಂದವ್ರು ಉಣ್ಣಂಗಿಲ್ಲ ಅಂತ, ನಮ್ದು ಆಗೈತಿ ಅಂದ್ವಿ.’ ಹಿಟ್ಟಿನ ಡಬ್ಬಿ ಅವತ್ತೂ ತುಂಬಿತ್ತಂತೆ. ಸೋಮವಾರ, ಶಿವರಾತ್ರಿ ಬಿಟ್ಟರೆ ಬೇರೆ ಉಪವಾಸ ಗೊತ್ತಿಲ್ಲದ ನಿಮ್ಮಪ್ಪನಿಗೆ ಏಕಾದಶಿ ಎಲ್ಲಿ ಹೊಳೆಯಬೇಕು? ಅವರ ಒಂದು ದಿನದ ಉಪವಾಸಕ್ಕೆ ನಾನು ಹರೆಯವೆಲ್ಲ ರೊಟ್ಟಿ ಬಡಿದೆ. ಅಣ್ಣಾರಿಗೆ ಹೇಳಬೇಡಿರಿ, ನೊಂದುಕೊಳ್ಳುತ್ತಾರೆ ಎಂದು ಅವಳೇ ನನ್ನ ಕೈ ಹಿಡಿದಳು. ನೀನೂ ಹೇಳಬೇಡ. ಇನ್ನೊಂದು ಮಾತು. ಹೊರಡುವಾಗ ನಿಮ್ಮಪ್ಪ ಉಮೇದಿನಲ್ಲಿ, ಶನಿವಾರ ಮತ್ತೆ ಉಣ್ಣಲು ಬರುತ್ತೇನೆ ಅಂದರು. ಸಂಗವ್ವ ಒಂದು ಕ್ಷಣವೂ ತಡೆಯದೆ ‘ಬರ್ರಿ ಬರ್ರಿ’ ಅಂದಳು. ಮನೆಗೆ ಬಂದು ಕ್ಯಾಲೆಂಡರ್ ನೋಡಿದೆ. ಶನಿವಾರ ಏಕಾದಶಿ. ಇವರು ಹೋದರೆ ಅವಳು ಮೊದಲು ರೊಟ್ಟಿ ಮುರಿಯಲೇಬೇಕು, ಮುರಿಯುತ್ತಾಳೆ ಕೂಡ, ಆ ತಾಯಿ. ಅದಕ್ಕೆ ಶನಿವಾರ ಶನಿವಾರ ಗಾಡಿ ತೆಗೆಯುವುದು ರಿಟೈರ್ ಆದವರಿಗೆ ಆಗಿಬರುವುದಿಲ್ಲವಂತೆ, ನಮ್ಮ ತವರಿನ ಕಡೆ ಹಾಗೊಂದು ಕಾಯ್ದೆ ಇದೆ ಎಂದು ಹೇಳಿದ್ದೇನೆ. ನಂಬಿದ್ದಾರೆ.