ಮಡಿವಂತನೂ ಅಕ್ಕನ ಚಿತ್ರಗಳೂ

ಮಾರ್ಚ್ 4, ಬೆಳಿಗ್ಗೆ

‘ತಲೆನೋವು’ ಚಿತ್ರ ಮುಗಿಯಿತು. ‘ಹಲ್ಲುನೋವು’ ಅರ್ಧ. ಪಕ್ಕದಲ್ಲಿ ಅಕ್ಕ ಟ್ಯಾಬ್ ಒತ್ತುತ್ತಿದ್ದಾಳೆ — ‘ಕಾಫಿ’, ‘ಕಾಫಿ’, ‘ಬೇಗ’. ಸ್ಟ್ರೋಕ್ ಆದಮೇಲೆ ಮಾತಿಲ್ಲ, ಓದಲೂ ಆಗುವುದಿಲ್ಲ. ಚಿತ್ರ ಮುಟ್ಟುತ್ತಾಳೆ, ಟ್ಯಾಬ್ ಅವಳ ಪರವಾಗಿ ಮಾತಾಡುತ್ತದೆ. ಕೋರ್ಟಿನಲ್ಲಿ ಎದುರು ವಕೀಲರ ಬೆವರಿಳಿಸುತ್ತಿದ್ದವಳು.

ಟ್ಯಾಬಿನ ಈ ಆಪ್ ಮಾಡುವವರು ಸಂಬಳವಿಲ್ಲದ ಒಂದಷ್ಟು ಜನ. ಮುಕ್ತ ಸಾಫ್ಟ್‌ವೇರ್ — ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಚಿತ್ರಗಳೆಲ್ಲ ನನ್ನವು.

ಈಗ ಪ್ರಾಜೆಕ್ಟ್ ನೋಡಿಕೊಳ್ಳುವವನ ಮೆಸೇಜ್. ಇನ್ನು ಚಿತ್ರಗಳನ್ನೂ ಮುಕ್ತ ಸಾಫ್ಟ್‌ವೇರಿನಲ್ಲೇ ಬರೆಯಬೇಕಂತೆ. ನಾನು ದುಡ್ಡು ಕೊಟ್ಟು ಬಳಸುವಂಥ ಕಂಪನಿ ಸಾಫ್ಟ್‌ವೇರಿನಲ್ಲಿ ಬರೆದ ಹಳೆಯವನ್ನು ತೆಗೆಯುತ್ತಾರಂತೆ. ಅಂದರೆ ಎಲ್ಲವನ್ನೂ. ಬ್ರಷ್ಷಿಗೂ ಮಡಿ-ಮೈಲಿಗೆ. ಇವತ್ತಿನಿಂದ ಅವನ ಹೆಸರು ಮಡಿವಂತ.

ಮಧ್ಯಾಹ್ನ

ಫೋನ್ ಮಾಡಿದೆ.

“ಚಿತ್ರ ಯಾರು ಬೇಕಾದ್ರೂ ಬಳಸ್ಲಿ ಅಂತ ಬರೆದುಕೊಟ್ಟಿದೀನಲ್ಲ. ಯಾವುದ್ರಲ್ಲಿ ಬರೆದ್ರೆ ನಿಮಗೇನು?”

“ಚಿತ್ರ ಮುಕ್ತ ಮೇಡಂ, ಮೂಲ ಫೈಲ್ ಅಲ್ಲ. ನಾಳೆ ಒಂದು ಗೆರೆ ತಿದ್ದಬೇಕಂದ್ರೂ ಆ ಕಂಪನಿ ಬಾಗಿಲಿಗೆ ಹೋಗ್ಬೇಕು.”

“ನಿಮ್ಮ ಸಾಫ್ಟ್‌ವೇರಿಗೆ ನನ್ನ ಡಿಜಿಟಲ್ ಪೆನ್ನೇ ಗೊತ್ತಾಗಲ್ಲ. ಒತ್ತಿದ್ರೂ ಸವರಿದ್ರೂ ಒಂದೇ ಗೆರೆ.”

“ಕಲಿತ್ಕೋಬಹುದು.”

ಕಲಿತ್ಕೋಬಹುದು. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿಕೊಂಡಿರುವವಳಿಗೆ. ಫೋನ್ ಇಟ್ಟೆ.

ಮಾರ್ಚ್ 7

ಅಕ್ಕನ ಟ್ಯಾಬ್ ತಾನಾಗಿಯೇ ಅಪ್‌ಡೇಟ್ ಆಗಿದೆ. ಚಿತ್ರಗಳಿಲ್ಲ. ಬೂದು ಚೌಕಗಳು, ಒಳಗೆ ಅಕ್ಷರ — ಅವಳಿಗೆ ಓದಲಾಗದ ಅಕ್ಷರ.

ನಾನು ಸ್ನಾನಕ್ಕೆ ಹೋಗಿದ್ದೆ. ಹೊರಗೆ ಬಂದರೆ ಟ್ಯಾಬ್ ಒಂದೇ ಸಮನೆ ಬಡಬಡಿಸುತ್ತಿದೆ — ‘ಕಿಟಕಿ’, ‘ಸೋಮವಾರ’, ‘ಹಲ್ಲುಪುಡಿ’. ಅವಳಿಗೆ ಬೇಕಿದ್ದದ್ದು ‘ಟಾಯ್ಲೆಟ್’. ಸೀರೆ ಒದ್ದೆ. ಮುಖ ಗೋಡೆಯ ಕಡೆಗೆ.

ಬಟ್ಟೆ ಬದಲಾಯಿಸಿದೆ. ನೆಲ ಒರೆಸಿದೆ. ಆಮೇಲೆ ಮಡಿವಂತನಿಗೆ ಫೋನ್. ಏನೇನು ಬೈದೆನೋ ನೆನಪಿಲ್ಲ. ಕೊನೆಗೆ ಕೇಳಿದ, “ನಿಮ್ಮ ಮನೇಲೇ ಬಳಸ್ತಿದಾರೆ ಅಂತ ನೀವು ಹೇಳಿರ್ಲಿಲ್ವಲ್ಲ?”

“ಬೇರೆಯವರ ಮನೇಲಾದ್ರೆ ಪರವಾಗಿಲ್ವಾ?”

ಊಟದ ಹೊತ್ತಿಗೆ ಹಳೆಯ ಚಿತ್ರಗಳು ವಾಪಸ್ ಬಂದವು. ಕ್ಷಮೆ ಕೇಳಿ ಮೆಸೇಜ್. ಅದರ ಕೆಳಗೇ — ನಿಯಮ ಮಾತ್ರ ಬದಲಾಗುವುದಿಲ್ಲ.

ಹಾಳಾಗಿ ಹೋಗಲಿ.

ಮಾರ್ಚ್ 23

‘ಟಾಯ್ಲೆಟ್’ಗೂ ‘ಕುರ್ಚಿ’ಗೂ ಅಕ್ಕನಿಗೆ ಗೊಂದಲವಾಗುತ್ತಿದೆ. ತಿದ್ದೋಣವೆಂದು ಕೂತೆ.

ಕಂಪನಿ ಸಾಫ್ಟ್‌ವೇರ್ ತೆರೆಯುತ್ತಿಲ್ಲ. ‘ನಿಮ್ಮ ಖಾತೆಯನ್ನು ಸ್ಥಗಿತಗೊಳಿಸಲಾಗಿದೆ.’ ಕಾರಣವಿಲ್ಲ. ಕಸ್ಟಮರ್ ಕೇರ್‌ನಲ್ಲಿ ಮೆಷಿನ್ ಮಾತಾಡುತ್ತದೆ; ಒಂದು ಒತ್ತಿ, ಎರಡು ಒತ್ತಿ. ಮನುಷ್ಯರು ಯಾವ ನಂಬರಿನಲ್ಲೂ ಇಲ್ಲ.

ನನ್ನ ಚಿತ್ರ, ನನ್ನ ಕಂಪ್ಯೂಟರ್, ನನ್ನ ಮೇಜು. ಮುಟ್ಟುವ ಹಾಗಿಲ್ಲ.

ಮಡಿವಂತ ಹೇಳಿದ್ದು ಸರಿಯಿತ್ತು. ಅದಕ್ಕೇ ಇನ್ನಷ್ಟು ಉರಿಯುತ್ತಿದೆ.

ಮಾರ್ಚ್ 25

ಹಲ್ಲು ಕಚ್ಚಿಕೊಂಡು ಮಡಿವಂತನಿಗೆ ಫೋನ್ ಮಾಡಿದೆ. ‘ನಾನು ಹೇಳಿರ್ಲಿಲ್ವಾ’ ಅಂದರೆ ಅಲ್ಲೇ ಕಟ್ ಮಾಡುವುದೆಂದು ನಿರ್ಧರಿಸಿದ್ದೆ. ಅನ್ನಲಿಲ್ಲ. “ಪೆನ್ ಯಾವುದು?” ಅಂದ. “ನಾನೇ ಬಂದು ನೋಡ್ತೀನಿ.”

ಮಾರ್ಚ್ 26, ಸಂಜೆ

ಬಂದ. ಸಣಕಲು ಮನುಷ್ಯ, ತೋಳಿನ ಗುಂಡಿ ಕಿತ್ತ ಶರ್ಟು. ಬೆಳಗಿನಿಂದ ನನ್ನ ಪೆನ್ನಿಗೂ ಅವನ ಸಾಫ್ಟ್‌ವೇರಿಗೂ ರಾಜಿ ಮಾಡಿಸುತ್ತ ಕೂತ. ಸಂಜೆಗೆ ಒತ್ತಿದರೆ ದಪ್ಪ, ಸವರಿದರೆ ಸಣ್ಣ ಗೆರೆ. ಒಂಚೂರು ತಡವಾಗಿ ಬರುತ್ತದೆ. ಬರುತ್ತದಲ್ಲ.

“ಬದಲಿ ಚಿತ್ರ ಸಿದ್ಧ ಆಗೋ ತನಕ ಹಳೇದು ತೆಗೆಯಲ್ಲ,” ಅಂದ. “ಅವತ್ತು ಆ ಯೋಚನೆ ಬರಲಿಲ್ಲ.”

“ನಿಯಮ ಸರಿ,” ಅಂದೆ. “ಜಾರಿ ಮಾಡಿದ ರೀತಿ ಸರಿಯಿರಲಿಲ್ಲ.” ತಲೆಯಾಡಿಸಿದ.

ಅಷ್ಟರಲ್ಲಿ ಅಕ್ಕ ಟ್ಯಾಬ್ ಎಳೆದುಕೊಂಡಳು. ಅವನನ್ನೇ ನೋಡುತ್ತ ಒತ್ತಿದಳು — ‘ಬೇಡ’. ‘ಬೇಡ’. ‘ಒದ್ದೆ’. ‘ನೀನು’. ಆಮೇಲೆ ಪುಟದ ಮೇಲೆ ಪುಟ ಸರಿಸಿದಳು, ಏನೋ ಹುಡುಕಿದಳು, ಸಿಗಲಿಲ್ಲ. ಮೇಜಿಗೆ ಕೈ ಅಪ್ಪಳಿಸಿದಳು. ಅವನು ಎದ್ದುನಿಂತ. ಕಣ್ಣು ನೆಲದ ಮೇಲೆ.

ಏನು ಹುಡುಕುತ್ತಿದ್ದಾಳೆಂದು ಹೊಳೆಯಿತು. ‘ಥ್ಯಾಂಕ್ಸ್’ ಮೂರು ಥರ ಬರೆದಿದ್ದೇನೆ. ‘ದಯವಿಟ್ಟು’ ಎರಡು. ‘ಕೋಪ’ ಒಂದೂ ಇಲ್ಲ. ಮಾತು ಹೋದವರಿಗೆ ಸಿಟ್ಟೂ ಹೋಗಿರುತ್ತದೆಂದು ಯಾರು ಹೇಳಿದ್ದರು ನನಗೆ?

ಹೊಸ ಸಾಫ್ಟ್‌ವೇರಿನಲ್ಲೇ ‘ಕೋಪ’ ಬರೆಯತೊಡಗಿದೆ. ಎದುರಿಗೆ ಅಕ್ಕನ ಮುಖವೇ ಇತ್ತು, ಬೇರೆ ಮಾದರಿ ಬೇಕಿರಲಿಲ್ಲ. ಮೊದಲನೆಯದಕ್ಕೆ ತಲೆ ಅಲ್ಲಾಡಿಸಿದಳು. ಎರಡನೆಯದಕ್ಕೂ. ಈಗ ಮೂರನೆಯದರ ಹುಬ್ಬಿನ ಕಡೆ ಬೆರಳು ತೋರಿಸುತ್ತಿದ್ದಾಳೆ, ಸಾಲದಂತೆ, ಇನ್ನೂ ದಪ್ಪ ಬೇಕಂತೆ, ಇನ್ನೂ —