ಮಹಡಿ ಕೋಣೆಯ ಬೀಗದ ಕೈ

ಲನೆಟ್,

ನಿನ್ನ ಜೀನ್ಸ್ ಒಗೆಯಲು ಹಾಕುವಾಗ ಜೇಬಿನಲ್ಲಿ ಈ ಬೀಗದ ಕೈ ಸಿಕ್ಕಿತು. ಹಿಕರಿ ಬೀದಿಯ ಮನೆಯ ಮಹಡಿ ಕೋಣೆಯದು, ಅಲ್ಲವೇ? ಮನೆ ನೋಡಲು ಹೋದ ದಿನ "ಈ ರೂಮು ನಂದು, ಯಾರಿಗೂ ಕೊಡಲ್ಲ" ಅಂತ ಕುಣಿದವಳು ಬೀಗವನ್ನೂ ಹಾಕಿ ಬಂದಿದ್ದೀಯಾ!

ಬೆಲೆ ಕಟ್ಟಲು ಬ್ಯಾಂಕು ಕಳಿಸಿದವನು ಆ ಬಾಗಿಲು ತೆಗೆಯಲಾಗದೆ, ಮಲಗುವ ಕೋಣೆ ಎರಡೇ ಎಂದು ಬರೆದುಕೊಂಡು ಹೋಗಿದ್ದಾನೆ. ಹರಾಜಿನಲ್ಲಿ ನಾವು ಕೂಗಿದ್ದಕ್ಕಿಂತ ಎಂಟು ಸಾವಿರ ಡಾಲರ್ ಕಡಿಮೆ ಬೆಲೆ ಕಟ್ಟಿದ್ದಾನೆ. ಬ್ಯಾಂಕು ಅಷ್ಟಕ್ಕೇ ಸಾಲ ಕೊಡುವುದು. ಜಪ್ತಿಯಾದ ಮನೆಯೆಂದು, ಅದನ್ನು ಮಾರುತ್ತಿರುವ ಸರ್ಕಾರವೇನೂ ಬೆಲೆ ಇಳಿಸುವುದಿಲ್ಲವಂತೆ. ಉಳಿದದ್ದನ್ನು ನಾನೆಲ್ಲಿಂದ ತರಲಿ?

ಬೆಳಿಗ್ಗೆ ಒಂಬತ್ತಕ್ಕೆ, ನಾನು ಕೆಲಸಕ್ಕೆ ಹೋದ ಮೇಲೆ, ಮನೆ ಕೊಡಿಸುತ್ತಿರುವ ಏಜೆಂಟ್ ಗ್ರೀಲಿ ಬರುತ್ತಾರೆ. ಈ ಬೀಗದ ಕೈಯನ್ನು ಅವರ ಕೈಗೇ ಕೊಡು. ನಡೆದದ್ದನ್ನು ನೀನೇ ಹೇಳು, ಮುಖ ಊದಿಸಿಕೊಳ್ಳಬೇಡ. ಇನ್ನೊಮ್ಮೆ ನೋಡಿ ಬೆಲೆ ಕಟ್ಟುವಂತೆ ಅವರು ಬ್ಯಾಂಕನ್ನು ಕೇಳುತ್ತಾರೆ. "ನನ್ನ ಕೂದಲು ಉದುರಿಸೋಕೇ ಹುಟ್ಟಿದೀರಿ ತಾಯಿ ಮಗಳು" ಅಂತ ಬೈದರೆ ಬೈಸಿಕೋ. ಕಾಫಿ ಕೊಡು.

ನಿನ್ನನ್ನು ಬೈಯಬೇಕೆಂದೇ ಬರೆಯಲು ಕೂತೆ. ಆದರೆ ಇದನ್ನು ಹಿಡಿದುಕೊಂಡು ಎಷ್ಟು ಹೊತ್ತು ನಿಂತಿದ್ದೆನೋ. ಇಷ್ಟು ವರ್ಷದ ಬಾಡಿಗೆ ಮನೆಗಳಲ್ಲಿ, ನಮ್ಮದೆನ್ನಿಸಿದ ಬೀಗದ ಕೈ ನನಗೆ ಸಿಕ್ಕಿದ್ದು ಇದೇ ಮೊದಲು.

ಕೊಟ್ಟುಬಿಡು ಮಗಳೇ. ನಮ್ಮದಾಗಿಯೇ ವಾಪಸ್ಸು ಬರಲಿ.

ಅಮ್ಮ